ಕೋವಿ ಇದ್ದವರು ದರೋಡೆಗೆ ಅಡ್ಡ ಬರಬೇಕೇ?

2023ರ ಜನವರಿ 5ರ ರಾತ್ರಿ ಅಮೆರಿಕದ ಹ್ಯೂಸ್ಟನ್ ನಗರದ ಒಂದು ಪುಟ್ಟ ಹೋಟೆಲಿಗೆ ಮುಸುಕುಧಾರಿಯೊಬ್ಬ ಪಿಸ್ತೂಲು ಹಿಡಿದು ನುಗ್ಗಿದ. ಊಟಕ್ಕೆ ಕೂತವರ ಹಣ ಕಿತ್ತುಕೊಂಡು ಬಾಗಿಲ ಕಡೆ ಹೊರಟಾಗ ಗಿರಾಕಿಯೊಬ್ಬ ತನ್ನ ಪಿಸ್ತೂಲು ತೆಗೆದು ಹಿಂದಿನಿಂದ ಗುಂಡು ಹಾರಿಸಿದ. ಕಳ್ಳ ನೆಲಕ್ಕುರುಳಿದ ಮೇಲೂ ಹಾರಿಸಿದ. ಒಟ್ಟು ಒಂಬತ್ತು ಗುಂಡು. ಆಮೇಲೆ ಸತ್ತವನ ಬಳಿಯಿದ್ದ ಹಣವನ್ನು ಕಳೆದುಕೊಂಡವರಿಗೆ ಮರಳಿಸಿ ಅಲ್ಲಿಂದ ಹೊರಟುಹೋದ. ಕಳ್ಳನ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು ಎಂಬುದು ತನಿಖೆಯಲ್ಲಿ ತಿಳಿಯಿತು. ಗುಂಡು ಹಾರಿಸಿದವನ ಮೇಲೆ ಆರೋಪ ಹೊರಿಸಲು ಗ್ರ್ಯಾಂಡ್ ಜ್ಯೂರಿ ಎಂಬ ನಾಗರಿಕರ ಮಂಡಳಿ ಒಪ್ಪಲಿಲ್ಲ.

ಹೋಟೆಲಿನಲ್ಲಿದ್ದವರನ್ನು ಕಾಪಾಡಿದ ವೀರ ಅವನು ಎಂದರು ಹಲವರು. ಹೊರಟುನಿಂತವನನ್ನು ಬೆನ್ನಿಗೆ ಹೊಡೆದು, ಬಿದ್ದಮೇಲೂ ಹೊಡೆಯುವುದು ರಕ್ಷಣೆಯಲ್ಲ, ಶಿಕ್ಷೆ ಎಂದರು ಇನ್ನು ಹಲವರು. ಅಮೆರಿಕದಲ್ಲಿ ಈ ಜಗಳಕ್ಕೆ ದೀರ್ಘ ಇತಿಹಾಸವಿದೆ, ಸಂಶೋಧನೆಗಳ ರಾಶಿಯಿದೆ, ಕೋರ್ಟು ತೀರ್ಪುಗಳ ಸಾಲಿದೆ. ಇಷ್ಟೆಲ್ಲದರ ನಡುವೆ ಒಂದು ಗೊಂದಲ ಮಾತ್ರ ಉಳಿದುಕೊಂಡು ಬಂದಿದೆ. ದೋಚಿಸಿಕೊಳ್ಳುತ್ತಿರುವವನು ತಿರುಗಿಬೀಳಬೇಕೇ ಎಂಬುದು ಒಂದು ಪ್ರಶ್ನೆ. ಪಕ್ಕದಲ್ಲಿ ನಿಂತು ನೋಡುತ್ತಿರುವ ಮೂರನೆಯವನು ಕೋವಿ ತೆಗೆಯಬೇಕೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಸಿಕ್ಕ ಉತ್ತರಗಳನ್ನೇ ಎರಡನೆಯದಕ್ಕೂ ಅಂಟಿಸುತ್ತ ಬಂದಿದ್ದೇವೆ.

ಕೂಗಿದರೆ ಓಡಿಬರಲೇಬೇಕಿದ್ದ ಕಾಲ

ಪೊಲೀಸ್ ಇಲಾಖೆ ಎಂಬುದು ಹೊಸದು. ಕಳ್ಳನನ್ನು ಊರವರೇ ಹಿಡಿಯುವ ಪದ್ಧತಿ ಹಳೆಯದು. 1285ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆ ಹೊರಡಿಸಿದ ವಿಂಚೆಸ್ಟರ್ ಶಾಸನದ ಪ್ರಕಾರ ಕಳ್ಳತನವಾಯಿತೆಂದು ಕೂಗು ಎದ್ದರೆ ಊರ ಗಂಡಸರು ಬೆನ್ನಟ್ಟಲೇಬೇಕು, ಅದಕ್ಕಾಗಿ ಮನೆಯಲ್ಲಿ ಅವರವರ ಅಂತಸ್ತಿಗೆ ತಕ್ಕ ಆಯುಧ ಇಟ್ಟುಕೊಂಡಿರಲೇಬೇಕು. ಕಳ್ಳ ಸಿಗದಿದ್ದರೆ ನಷ್ಟವನ್ನು ಆ ಸೀಮೆಯವರು ತುಂಬಿಕೊಡಬೇಕಿತ್ತು. ಅಡ್ಡ ಬರುವುದು ಆಗ ಒಬ್ಬರ ಧೈರ್ಯಕ್ಕೆ ಬಿಟ್ಟ ವಿಷಯವಾಗಿರಲಿಲ್ಲ, ಎಲ್ಲರ ಮೇಲಿದ್ದ ತೆರಿಗೆಯಂಥ ಹೊಣೆಯಾಗಿತ್ತು. ಲಂಡನ್ನಿಗೆ ಸಂಬಳದ ಪೊಲೀಸರು ಬಂದದ್ದು 1829ರಲ್ಲಿ, ನ್ಯೂಯಾರ್ಕಿಗೆ 1845ರಲ್ಲಿ.

ಅಮೆರಿಕದ ಗಡಿನಾಡಿನ ಊರುಗಳಲ್ಲಿ ಹಳೆಯ ಪದ್ಧತಿ ಇನ್ನೂ ಬಹಳ ಕಾಲ ಬದುಕಿತ್ತು. 1876ರ ಸೆಪ್ಟೆಂಬರ್ 7ರಂದು ಮಿನ್ನೆಸೋಟದ ನಾರ್ತ್‌ಫೀಲ್ಡ್‌ನಲ್ಲಿ ಜೆಸ್ಸಿ ಜೇಮ್ಸ್‌ನ ತಂಡ ಬ್ಯಾಂಕು ದೋಚಲು ಬಂದಾಗ ಊರವರು ಅಂಗಡಿ, ಮನೆಗಳಿಂದ ಬಂದೂಕು ತಂದು ಹೊಡೆದರು. ಇಬ್ಬರು ದರೋಡೆಕೋರರು ಬೀದಿಯಲ್ಲೇ ಸತ್ತರು. ಬ್ಯಾಂಕಿನ ಒಬ್ಬ ನೌಕರನೂ, ಬೀದಿಯಲ್ಲಿದ್ದ ಒಬ್ಬ ಸ್ವೀಡಿಷ್ ವಲಸಿಗನೂ ಪ್ರಾಣ ಕಳೆದುಕೊಂಡರು. 1892ರ ಅಕ್ಟೋಬರ್ 5ರಂದು ಕ್ಯಾನ್ಸಸ್‌ನ ಕಾಫಿವಿಲ್‌ನಲ್ಲಿ ಡಾಲ್ಟನ್ ಸಹೋದರರು ಒಂದೇ ಬೆಳಗ್ಗೆ ಎರಡು ಬ್ಯಾಂಕು ದೋಚಲು ಬಂದರು. ಊರವರು ಹಾರ್ಡ್‌ವೇರ್ ಅಂಗಡಿಯಿಂದ ರೈಫಲ್ಲುಗಳನ್ನು ಹಂಚಿಕೊಂಡು ಕಾದರು. ಐವರು ದರೋಡೆಕೋರರಲ್ಲಿ ನಾಲ್ವರು ಸತ್ತರು. ಮೈತುಂಬ ಗಾಯಗಳಾಗಿ ಬದುಕಿದವನು ಎಮ್ಮೆಟ್ ಡಾಲ್ಟನ್ ಒಬ್ಬನೇ. ಆದರೆ ಊರಿನ ಕಡೆಯವರೂ ನಾಲ್ವರು ಸತ್ತರು, ಅವರಲ್ಲಿ ಊರಿನ ಮಾರ್ಷಲ್ ಕೂಡ ಒಬ್ಬ.

ಶಸ್ತ್ರಧಾರಿ ನಾಗರಿಕರ ಪರ ಮಾತಾಡುವವರು ಈ ಎರಡು ಊರುಗಳನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ನೆನೆಯಲಿ, ಆ ಜನರ ಕೆಚ್ಚು ಸಣ್ಣದಲ್ಲ. ಆದರೆ ಅಲ್ಲಿ ಒಂದು ಅನುಕೂಲವಿತ್ತು. ಊರಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿತ್ತು. ಕಾಫಿವಿಲ್‌ನಲ್ಲಂತೂ ಡಾಲ್ಟನ್ನರು ಮೊದಲು ಆ ಸುತ್ತಿನಲ್ಲೇ ಇದ್ದವರು. ಹುಸಿಗಡ್ಡ ಕಟ್ಟಿಕೊಂಡು ಬಂದರೂ ಜನ ಗುರುತು ಹಿಡಿದರು. ಕಳ್ಳ ಯಾರು, ನಮ್ಮವರು ಯಾರು ಎಂಬ ಅನುಮಾನವೇ ಇರಲಿಲ್ಲ. ಇವತ್ತಿನ ಸೂಪರ್‌ಮಾರ್ಕೆಟ್ಟಿನಲ್ಲಿ ಪಕ್ಕ ನಿಂತವನ ಹೆಸರೂ ನಮಗೆ ತಿಳಿದಿರುವುದಿಲ್ಲ.

ಎದುರು ನಿಂತರೆ ಕಳ್ಳ ಅಂಜುತ್ತಾನೆ

ಅಡ್ಡ ಬರಬೇಕು ಎನ್ನುವವರ ಮೊದಲ ಆಧಾರ ಕಾನೂನಿನದು. ಅಮೆರಿಕದ ಪೊಲೀಸರಿಗೆ ನಿರ್ದಿಷ್ಟ ವ್ಯಕ್ತಿಯೊಬ್ಬನನ್ನು ಕಾಪಾಡಲೇಬೇಕೆಂಬ ಸಾಂವಿಧಾನಿಕ ಹೊಣೆಯಿಲ್ಲ. 2005ರ ಕ್ಯಾಸಲ್ ರಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಖಚಿತಪಡಿಸಿತು. ಹಾಗಿದ್ದರೆ ಪೊಲೀಸರು ಬರುವವರೆಗಿನ ಆ ಕೆಲವು ನಿಮಿಷಗಳಲ್ಲಿ ನಮ್ಮನ್ನು ಕಾಯುವವರು ಯಾರು ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು.

ಎರಡನೆಯ ಆಧಾರ ಕಳ್ಳರ ಬಾಯಿಂದಲೇ ಬಂದದ್ದು. ಸಮಾಜಶಾಸ್ತ್ರಜ್ಞರಾದ ಜೇಮ್ಸ್ ರೈಟ್ ಮತ್ತು ಪೀಟರ್ ರಾಸಿ ಹತ್ತು ರಾಜ್ಯಗಳ ಜೈಲುಗಳಲ್ಲಿದ್ದ 1,874 ಕೈದಿಗಳನ್ನು ಪ್ರಶ್ನಿಸಿ 1986ರಲ್ಲಿ ಪುಸ್ತಕ ಪ್ರಕಟಿಸಿದರು. ಪೊಲೀಸರಿಗಿಂತ ಕೋವಿಯಿರುವ ಬಲಿಪಶುವಿಗೇ ಕಳ್ಳರು ಹೆಚ್ಚು ಹೆದರುತ್ತಾರೆ ಎಂಬುದನ್ನು ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದ್ದರು. ಇದನ್ನೇ ಅಂಕಿಗಳಲ್ಲಿ ತೋರಿಸುತ್ತೇನೆಂದು ಹೊರಟವರು ಅರ್ಥಶಾಸ್ತ್ರಜ್ಞ ಜಾನ್ ಲಾಟ್. ಕೋವಿ ಹೊತ್ತು ಓಡಾಡುವ ಪರವಾನಗಿ ಸುಲಭವಾದಲ್ಲೆಲ್ಲ ಅಪರಾಧ ಇಳಿದಿದೆ ಎಂಬುದು 1998ರ ಅವರ ಪುಸ್ತಕದ ವಾದ. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಆ ಲೆಕ್ಕವನ್ನೆಲ್ಲ ಜರಡಿ ಹಿಡಿದು, ಅಪರಾಧ ಇಳಿಯಿತೆಂದಾಗಲಿ ಏರಿತೆಂದಾಗಲಿ ಹೇಳುವಷ್ಟು ಪುರಾವೆ ಇಲ್ಲ ಎಂದಿತು. 2019ರಲ್ಲಿ ಜಾನ್ ಡೊನಹ್ಯೂ ಮತ್ತು ಸಂಗಡಿಗರ ಅಧ್ಯಯನ ತಿರುವುಮುರುವಾದ ಫಲಿತಾಂಶ ಕೊಟ್ಟಿತು. ಇಂಥ ಕಾನೂನು ತಂದ ರಾಜ್ಯಗಳಲ್ಲಿ ಹತ್ತು ವರ್ಷಗಳ ನಂತರ ಹಿಂಸಾಪರಾಧ ಶೇ. 13ರಿಂದ 15ರಷ್ಟು ಹೆಚ್ಚೇ ಇತ್ತು ಎಂಬುದು ಅವರ ಅಂದಾಜು.

ಕೋವಿಯಿಂದ ಆತ್ಮರಕ್ಷಣೆ ಮಾಡಿಕೊಂಡವರು ಎಷ್ಟು ಮಂದಿ ಎಂಬ ಲೆಕ್ಕದಲ್ಲೂ ಅಜಗಜಾಂತರವಿದೆ. ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಸ್ 1995ರಲ್ಲಿ ಫೋನ್ ಸಮೀಕ್ಷೆ ಆಧರಿಸಿ ವರ್ಷಕ್ಕೆ ಸುಮಾರು 25 ಲಕ್ಷ ಎಂದರು. ಸರಕಾರದ ಅಪರಾಧ ಸಂತ್ರಸ್ತರ ಸಮೀಕ್ಷೆಯ ಪ್ರಕಾರ 2007ರಿಂದ 2011ರವರೆಗೆ ವರ್ಷಕ್ಕೆ ಸರಾಸರಿ 70 ಸಾವಿರವೂ ಆಗುವುದಿಲ್ಲ. ಮೂವತ್ತು ಪಟ್ಟಿಗೂ ಮಿಕ್ಕ ಈ ಅಂತರ ಬರಿಯ ಎಣಿಕೆಯ ತಪ್ಪಿನಿಂದ ಹುಟ್ಟಿದ್ದಲ್ಲ. ಯಾವುದನ್ನು ರಕ್ಷಣೆ ಎನ್ನಬೇಕು, ಯಾರ ಮಾತನ್ನು ನಂಬಬೇಕು ಎಂಬಲ್ಲೇ ಎರಡೂ ಕಡೆಯವರ ದಾರಿ ಬೇರೆಯಾಗಿದೆ.

ದುಡ್ಡು ಕೊಟ್ಟುಬಿಡಿ

ಎದುರಾಳಿ ಪಂಥದ ಮಾತು ಸರಳವಾಗಿದೆ. ಬಹುಪಾಲು ದರೋಡೆಗಳಲ್ಲಿ ಕಳ್ಳನಿಗೆ ಬೇಕಾದ್ದು ಹಣ. ಹಣ ಸಿಕ್ಕರೆ ಹೋಗುತ್ತಾನೆ. ಸುಲಿಗೆಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಫಿಲಿಪ್ ಕುಕ್ ತೋರಿಸಿದ ಒಂದು ವಿಚಿತ್ರ ಸಂಗತಿ ಇದಕ್ಕೆ ಪೂರಕವಾಗಿದೆ. ಬಂದೂಕು ತೋರಿಸಿ ಮಾಡುವ ಸುಲಿಗೆಯಲ್ಲಿ ಗಾಯಗೊಳ್ಳುವವರು ಕಡಿಮೆ, ಯಾಕೆಂದರೆ ಬಂದೂಕು ಕಂಡೊಡನೆ ಜನ ಮಣಿಯುತ್ತಾರೆ. ಸಾಯುವವರು ಮಾತ್ರ ಹೆಚ್ಚು. ಚಾಕುವಿನ ಸುಲಿಗೆಗೆ ಹೋಲಿಸಿದರೆ ಸುಮಾರು ಮೂರು ಪಟ್ಟು. 1986ರಲ್ಲಿ ಫ್ರಾಂಕ್ಲಿನ್ ಜಿಮ್ರಿಂಗ್ ಮತ್ತು ಜೇಮ್ಸ್ ಜ್ಯೂಲ್ ಷಿಕಾಗೋ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿ, ಸುಲಿಗೆಯಲ್ಲಿ ಸತ್ತವರ ನಡುವೆ ಎದುರು ತಿರುಗಿಬಿದ್ದವರೇ ಎದ್ದು ಕಾಣುತ್ತಾರೆ ಎಂದರು.

ವ್ಯಾಪಾರಿಗಳು ಈ ಪಾಠವನ್ನು ಸಂಶೋಧಕರಿಗಿಂತ ಮೊದಲೇ ಕಲಿತರು. 1970ರ ದಶಕದ ನಡುವಿನಲ್ಲಿ ಸೆವೆನ್-ಇಲೆವೆನ್ ಅಂಗಡಿಗಳ ಕಂಪನಿ ಮಾಜಿ ದರೋಡೆಕೋರನೊಬ್ಬನನ್ನೇ ಸಲಹೆಗೆ ಕರೆಸಿಕೊಂಡಿತು. ಗಲ್ಲಾಪೆಟ್ಟಿಗೆಯಲ್ಲಿ ಕಡಿಮೆ ಹಣ ಇಡುವುದು, ಕ್ಯಾಷಿಯರ್ ಹೊರಗಿನವರಿಗೆ ಕಾಣುವಂತೆ ಕೂರುವುದು, ಅಂಗಡಿ ಮುಂದೆ ಬೆಳಕು ಹೆಚ್ಚಿಸುವುದು, ಕಳ್ಳ ಬಂದರೆ ಎದುರು ನಿಲ್ಲದಿರುವುದು, ಇವಿಷ್ಟೇ ಕ್ರಮಗಳು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಪ್ರಯೋಗಕ್ಕೆ ಒಳಪಟ್ಟ ಅಂಗಡಿಗಳಲ್ಲಿ ದರೋಡೆ ಸುಮಾರು ಶೇ. 30 ಇಳಿಯಿತು. ಕೋವಿಯ ಪ್ರಶ್ನೆಯೇ ಏಳದ ಹಾಗೆ ನೋಡಿಕೊಂಡ ಈ ದಾರಿಗೆ ಇಡೀ ಚರ್ಚೆಯಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ. ಅಮೆರಿಕದ ಪೆಟ್ರೋಲ್ ಬಂಕು, ಮೋಟೆಲು, ದಿನಸಿ ಅಂಗಡಿಗಳಲ್ಲಿ ರಾತ್ರಿ ಪಾಳಿ ಮಾಡುವ ಭಾರತೀಯರು ಸಾವಿರಾರು ಮಂದಿ. ಅವರ ಮಟ್ಟಿಗೆ ಇದು ತತ್ವಚರ್ಚೆಯಲ್ಲ, ಸಂಜೆ ಡ್ಯೂಟಿಗೆ ಹೋದವರು ಬೆಳಗ್ಗೆ ಮನೆಗೆ ಮರಳುವ ವಿಷಯ.

ಮಣಿಯಬೇಕು ಎನ್ನುವವರ ವಾದಕ್ಕೂ ಒಂದು ಬಿರುಕಿದೆ. ತಿರುಗಿಬಿದ್ದದ್ದರಿಂದ ಕಳ್ಳ ಹೊಡೆದನೋ, ಕಳ್ಳ ಹೊಡೆಯಲು ಶುರುಮಾಡಿದ್ದರಿಂದ ತಿರುಗಿಬಿದ್ದರೋ? ಸತ್ತವರನ್ನು ಕೇಳಲಾಗದು. 2004ರಲ್ಲಿ ಜಾಂಗ್ಯೋನ್ ಟಾರ್ಕ್ ಮತ್ತು ಕ್ಲೆಕ್ ಈ ಹಿಂದುಮುಂದನ್ನು ಬಿಡಿಸಿ ನೋಡಿದಾಗ, ಗಾಯಗಳು ಹೆಚ್ಚಾಗಿ ಪ್ರತಿರೋಧಕ್ಕೆ ಮುಂಚೆಯೇ ಆಗಿದ್ದವು. ಡೇವಿಡ್ ಹೆಮೆನ್‌ವೇ ಮತ್ತು ಸಾರಾ ಸೋಲ್ನಿಕ್ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಲಿಪಶು ಸ್ಥಳದಲ್ಲೇ ಇದ್ದ 14 ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕೋವಿ ಬಳಸಿದ್ದು 127ರಲ್ಲಿ ಮಾತ್ರ. ಕೋವಿ ಬಳಸಿದ ಮೇಲೆ ಗಾಯಗೊಂಡವರು ಶೇ. 4.1, ಯಾವುದೇ ಬಗೆಯ ರಕ್ಷಣಾ ಕ್ರಮ ತೆಗೆದುಕೊಂಡ ಮೇಲೆ ಗಾಯಗೊಂಡವರು ಶೇ. 4.2. ಕೋವಿ ಬಳಸಿದವರಲ್ಲಿ ಸೊತ್ತು ಕಳೆದುಕೊಂಡವರು ಶೇ. 38.5. ಕೋವಿಯಲ್ಲದ ಆಯುಧ ಬಳಸಿದವರಲ್ಲಿ ಶೇ. 34.9. ಕೋವಿಯೇ ಬೇಕೆನ್ನುವವರಿಗಾಗಲಿ ಕೋವಿ ಹಿಡಿದರೆ ಸಾವೇ ಗತಿ ಎನ್ನುವವರಿಗಾಗಲಿ ಈ ಅಂಕಿಗಳು ಬೆಂಬಲ ಕೊಡುವುದಿಲ್ಲ.

ಲೆಕ್ಕಕ್ಕೆ ಸಿಗದ ಮೂರನೆಯವನು

ಮೇಲಿನ ಅಧ್ಯಯನಗಳನ್ನೆಲ್ಲ ಮತ್ತೊಮ್ಮೆ ನೋಡಿ. ಬಹುತೇಕ ಎಲ್ಲವೂ ಬಲಿಪಶುವಿನ ಬಗ್ಗೆ ಇವೆ. ಬಲಿಪಶುವಿಗೆ ತನ್ನ ಎದುರಿಗಿರುವವನು ಯಾರು, ಏನು ಕೇಳುತ್ತಿದ್ದಾನೆ ಎಂಬುದಾದರೂ ಗೊತ್ತು. ಹಾಲಿನ ಪ್ಯಾಕೆಟ್ ತರಲು ಬಂದು ಮೂಲೆಯಲ್ಲಿ ನಿಂತವನಿಗೆ ಅದೂ ಗೊತ್ತಿಲ್ಲ. ಕಳ್ಳನ ಜೊತೆಗಾರ ಯಾರು, ಆ ಪಿಸ್ತೂಲು ನಿಜವೋ ಆಟಿಕೆಯೋ, ಕಿರುಚುತ್ತಿರುವವನು ಕಳ್ಳನೋ ಮಫ್ತಿ ಪೊಲೀಸನೋ ಏನೂ ತಿಳಿಯದು. ಎಲ್ಲರಿಗಿಂತ ಕಡಿಮೆ ತಿಳಿದವನು, ಎಲ್ಲರ ಜೀವ ತೆಗೆಯಬಲ್ಲ ಆಯುಧ ಹಿಡಿದಿದ್ದಾನೆ. ಸಮಸ್ಯೆಯ ತಿರುಳು ಇದೇ ಎಂದು ನನ್ನ ಖಚಿತ ಅಭಿಪ್ರಾಯ.

ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಕೋವಿ ವಿರೋಧಿಗಳಿಗಿಂತ ಕೋವಿ ತರಬೇತುದಾರರೇ ಮುಂದಿದ್ದರು ಎಂಬುದನ್ನು ಗಮನಿಸಬೇಕು. ಮಸಾದ್ ಆಯೂಬ್ 1980ರಲ್ಲಿ ಬರೆದ, ಆತ್ಮರಕ್ಷಣೆಯಲ್ಲಿ ಬಂದೂಕಿನ ಪಾತ್ರ ಕುರಿತ ಪುಸ್ತಕವನ್ನು ಆ ವಲಯದವರು ಇಂದಿಗೂ ಓದುತ್ತಾರೆ. ಪ್ರಾಣಕ್ಕೆ ತಕ್ಷಣದ, ತಪ್ಪಿಸಲಾಗದ ಅಪಾಯ ಇದ್ದಾಗ ಮಾತ್ರ ಕೋವಿ ಎಂಬುದು ಆ ಪರಂಪರೆಯ ಕಟ್ಟಳೆ. ಬೇರೆಯವರ ಗಲ್ಲಾಪೆಟ್ಟಿಗೆ ಕಾಯಲು ಹೋಗಬೇಡಿ, ಚೆನ್ನಾಗಿ ನೋಡಿಟ್ಟುಕೊಂಡು ಸಾಕ್ಷಿ ಹೇಳಿ ಎಂದು ಅನೇಕ ತರಬೇತುದಾರರು ಶಿಷ್ಯರಿಗೆ ಹೇಳುತ್ತಾರೆ.

ಅವರ ಎಚ್ಚರಿಕೆಗೆ ನಡೆದ ಘಟನೆಗಳೇ ಪುರಾವೆ. 2014ರ ಜೂನ್ 8ರಂದು ಲಾಸ್ ವೇಗಸ್‌ನಲ್ಲಿ ಇಬ್ಬರು ಪೊಲೀಸರನ್ನು ಕೊಂದ ಒಬ್ಬನು ವಾಲ್‌ಮಾರ್ಟಿಗೆ ನುಗ್ಗಿದ. ಪರವಾನಗಿ ಪಡೆದ ಪಿಸ್ತೂಲಿದ್ದ ಗ್ರಾಹಕನೊಬ್ಬ ಅವನನ್ನು ತಡೆಯಲು ಮುಂದಾದ. ಕೊಲೆಗಾರನ ಹೆಂಡತಿಯೂ ಅಪರಾಧದಲ್ಲಿ ಪಾಲುದಾರಳೆಂದು ಅವನಿಗೆ ತಿಳಿದಿರಲಿಲ್ಲ. ಆಕೆ ಅವನನ್ನು ಗುಂಡಿಟ್ಟು ಕೊಂದಳು. 2021ರ ಜೂನ್ 21ರಂದು ಕೊಲರಾಡೊದ ಅರ್ವಾಡಾದಲ್ಲಿ ಪೊಲೀಸ್ ಅಧಿಕಾರಿಯನ್ನು ಕೊಂದವನನ್ನು ದಾರಿಹೋಕನೊಬ್ಬ ಹೊಡೆದುರುಳಿಸಿದ. ಅವನ ಗುರಿಯೂ ನಿರ್ಧಾರವೂ ತಪ್ಪಾಗಿರಲಿಲ್ಲ. ಕೊಲೆಗಾರನ ರೈಫಲ್ಲನ್ನು ಕೈಗೆತ್ತಿಕೊಂಡ ಕ್ಷಣದಲ್ಲಿ, ಧಾವಿಸಿ ಬಂದ ಮತ್ತೊಬ್ಬ ಪೊಲೀಸ್ ಅವನನ್ನೇ ಹೊಡೆದುಬಿಟ್ಟ. ಆ ಪೊಲೀಸನ ಮೇಲೆ ಮೊಕದ್ದಮೆ ಹೂಡದ ಜಿಲ್ಲಾ ಅಟಾರ್ನಿ, ಸತ್ತವನನ್ನು ವೀರನೆಂದೇ ಕರೆದರು. ಅರ್ವಾಡಾದಲ್ಲಿ ಅವನು ಇನ್ನೂ ಎಷ್ಟೋ ಜೀವ ಉಳಿಸಿರಬಹುದು ಎಂಬುದೂ ನಿಜ.

ಗುರಿಯ ಪ್ರಶ್ನೆಯೂ ಇದೆ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರ‍್ಯಾಂಡ್ ಸಂಸ್ಥೆ 2008ರಲ್ಲಿ ನೀಡಿದ ವರದಿಯಂತೆ, ಎದುರಿನಿಂದಲೂ ಗುಂಡು ಬರುತ್ತಿದ್ದಾಗ ಪೊಲೀಸರು ಹಾರಿಸಿದ ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಸರಾಸರಿ ಶೇ. 18. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಇಬ್ಬರು ಪೊಲೀಸರು ಕೊಲೆಗಾರನೊಬ್ಬನ ಮೇಲೆ ಹಾರಿಸಿದಾಗ ಗುಂಡು, ಅದರ ಚೂರುಗಳಿಂದ ಗಾಯಗೊಂಡ ದಾರಿಹೋಕರು ಒಂಬತ್ತು ಮಂದಿ. ಸಂಬಳ ಪಡೆದು, ಅಭ್ಯಾಸ ಮಾಡಿ ಬಂದವರ ಸ್ಥಿತಿಯೇ ಹೀಗಿದೆ. 2024ರ ಹೊತ್ತಿಗೆ ಅಮೆರಿಕದ 29 ರಾಜ್ಯಗಳಲ್ಲಿ ವಯಸ್ಕರು ಪರವಾನಗಿಯನ್ನೇ ಪಡೆಯದೆ ಕೋವಿ ಇಟ್ಟುಕೊಂಡು ಓಡಾಡಬಹುದಾಗಿತ್ತು. ಪರವಾನಗಿ ಬೇಡವಾದಲ್ಲಿ ಅದಕ್ಕಾಗಿ ಪಡೆಯಬೇಕಿದ್ದ ತರಬೇತಿಯೂ ಬೇಡವಾಯಿತು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಕೋವಿ ಹಿಡಿದ ಬಿಳಿಯ ಕಾಪಾಡುವವನಂತೆ ಕಾಣುವ ದೇಶದಲ್ಲಿ ಕೋವಿ ಹಿಡಿದ ಕಪ್ಪು ವರ್ಣೀಯ ಅಪರಾಧಿಯಂತೆ ಕಾಣುತ್ತಾನೆ. ಮನಶ್ಶಾಸ್ತ್ರಜ್ಞ ಜೋಷುವಾ ಕೊರೆಲ್ ಮತ್ತು ಸಂಗಡಿಗರು 2002ರಲ್ಲಿ ವೀಡಿಯೋ ಆಟದಂಥ ಪ್ರಯೋಗದಲ್ಲಿ ಇದನ್ನು ತೋರಿಸಿಕೊಟ್ಟರು. ನಿರಾಯುಧ ಕಪ್ಪು ವರ್ಣೀಯರ ಮೇಲೆ ತಪ್ಪಾಗಿ ಗುಂಡು ಹಾರಿಸುವುದು, ನಿರಾಯುಧ ಬಿಳಿಯರಿಗಿಂತ ಹೆಚ್ಚಿತ್ತು. 2018ರ ನವೆಂಬರ್ 22ರ ರಾತ್ರಿ ಅಲಬಾಮದ ಹೂವರ್ ಮಾಲ್‌ನಲ್ಲಿ ಗುಂಡಿನ ಸದ್ದು ಕೇಳಿ ಪಿಸ್ತೂಲು ತೆಗೆದ 21ರ ಕಪ್ಪು ಯುವಕನನ್ನು ಪೊಲೀಸರು ಕೊಂದರು. ಮೊದಲು ಅವನನ್ನೇ ದಾಳಿಕೋರನೆಂದು ಹೇಳಿ, ಆಮೇಲೆ ಮಾತು ಹಿಂತೆಗೆದುಕೊಂಡರು. ಅಡ್ಡ ಬರುವ ಕರ್ತವ್ಯವನ್ನು ಎಲ್ಲರಿಗೂ ಹೊರಿಸುವವರು, ಅದರ ಬೆಲೆ ಎಲ್ಲರಿಗೂ ಒಂದೇ ಅಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಕಾನೂನು ಯಾವ ತಪ್ಪನ್ನು ಕ್ಷಮಿಸುತ್ತದೆ

1962ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದ ಮುಂದೆ ಒಂದು ಪ್ರಕರಣ ಬಂತು. ಬೀದಿಯಲ್ಲಿ ಇಬ್ಬರು ಹುಡುಗನೊಬ್ಬನನ್ನು ಎಳೆದಾಡುತ್ತಿದ್ದುದನ್ನು ಕಂಡ ವ್ಯಕ್ತಿ ಹುಡುಗನನ್ನು ಬಿಡಿಸಲು ಹೋಗಿ ಹೊಡೆದಾಡಿದ. ಆ ಇಬ್ಬರು ಮಫ್ತಿಯಲ್ಲಿದ್ದ ಪೊಲೀಸರು, ಹುಡುಗನನ್ನು ಬಂಧಿಸುತ್ತಿದ್ದರು. ಸದುದ್ದೇಶವಿದ್ದರೂ, ಯಾರ ಪರವಾಗಿ ನಿಂತೆಯೋ ಅವನಿಗಿದ್ದಷ್ಟೇ ಹಕ್ಕು ನಿನಗೆ ಎಂದು ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಈ ತೀರ್ಪಿಗೆ ಬಂದ ಟೀಕೆಯ ನಂತರ ಅಮೆರಿಕದ ರಾಜ್ಯಗಳು ಹೆಚ್ಚಾಗಿ ಮತ್ತೊಂದು ಸೂತ್ರಕ್ಕೆ ಬಂದಿವೆ. ಅಡ್ಡ ಬಂದವನ ನಂಬಿಕೆ ತಪ್ಪಾಗಿದ್ದರೂ, ವಿವೇಕಿಯೊಬ್ಬ ಹಾಗೆ ನಂಬಲು ಕಾರಣವಿದ್ದರೆ ಸಾಕು.

ನಮ್ಮ ಕಾನೂನು ಆ ಹಂತವನ್ನು ನೂರು ವರ್ಷ ಮೊದಲೇ ಮುಟ್ಟಿತ್ತು. 1860ರ ದಂಡ ಸಂಹಿತೆಯ 79ನೇ ಕಲಮಿನಲ್ಲಿ ಕೊಟ್ಟ ಉದಾಹರಣೆಯೇ ದಾರಿಹೋಕನದು. ಕೊಲೆಯಂತೆ ಕಂಡದ್ದನ್ನು ತಡೆಯಲು ಒಬ್ಬನನ್ನು ಹಿಡಿದವನು, ಹಿಡಿಸಿಕೊಂಡವನು ಆತ್ಮರಕ್ಷಣೆಯಲ್ಲಿದ್ದನೆಂದು ಆಮೇಲೆ ಗೊತ್ತಾದರೂ ಅಪರಾಧಿಯಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 17ನೇ ಕಲಮು. ಬೇರೆಯವರ ಜೀವ, ಸೊತ್ತು ಎರಡನ್ನೂ ರಕ್ಷಿಸುವ ಹಕ್ಕು ನಮಗಿದೆ. ಸುಲಿಗೆಯ ಎದುರು ಆ ಹಕ್ಕು ಪ್ರಾಣ ತೆಗೆಯುವಷ್ಟು ದೂರಕ್ಕೂ ಹೋಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು, ಮತ್ತು ಪ್ರಾಣಭಯ, ಗಾಯ ಅಥವಾ ಅಡ್ಡಗಟ್ಟುವಿಕೆ ಮುಂದುವರಿದಿರುವವರೆಗೆ ಮಾತ್ರ. ಬೆನ್ನು ತಿರುಗಿಸಿ ಹೊರಟ ಕಳ್ಳನ ಮಟ್ಟಿಗೆ ಭಾರತದ ಕಾನೂನು ಟೆಕ್ಸಸ್ಸಿಗಿಂತ ತುಂಬ ಬಿಗಿಯಾಗಿದೆ. ಸುಲಿಗೆ ಮಾಡಿ ಸೊತ್ತಿನೊಡನೆ ಓಡುವವನ ಮೇಲೆ ಕೆಲವು ಷರತ್ತುಗಳೊಂದಿಗೆ ಪ್ರಾಣಾಂತಕ ಬಲ ಪ್ರಯೋಗಿಸಲು, ಮೂರನೆಯವರ ಸೊತ್ತಿಗಾಗಿಯೂ ಹಾಗೆ ಮಾಡಲು ಟೆಕ್ಸಸ್ ಅವಕಾಶ ಕೊಡುತ್ತದೆ. 2007ರಲ್ಲಿ ಅಲ್ಲಿನ ಪಸಡೀನಾದಲ್ಲಿ ನೆರೆಮನೆಗೆ ನುಗ್ಗಿದ ಇಬ್ಬರನ್ನು, ಹೊರಗೆ ಹೋಗಬೇಡಿ ಎಂದು ಪೊಲೀಸ್ ಸಹಾಯವಾಣಿ ಬೇಡಿಕೊಂಡರೂ ಕೇಳದೆ ಕೊಂದವನ ಮೇಲೆ ಮೊಕದ್ದಮೆ ನಡೆಯಲೇ ಇಲ್ಲ.

ಗಡಿ ಎಲ್ಲಿಯೂ ಇಲ್ಲವೆಂದಲ್ಲ. 2009ರಲ್ಲಿ ಒಕ್ಲಹೋಮ ಸಿಟಿಯಲ್ಲಿ ದರೋಡೆಗೆ ಬಂದ 16ರ ಹುಡುಗನ ತಲೆಗೆ ಔಷಧಿ ಅಂಗಡಿಯವನು ಗುಂಡು ಹೊಡೆದ. ಅಲ್ಲಿಯವರೆಗಿನದನ್ನು ಕಾನೂನು ಒಪ್ಪಿತು. ಮತ್ತೊಬ್ಬನನ್ನು ಬೆನ್ನಟ್ಟಿ, ಮರಳಿ ಬಂದು, ಇನ್ನೊಂದು ಪಿಸ್ತೂಲು ತೆಗೆದು ಬಿದ್ದಿದ್ದ ಹುಡುಗನಿಗೆ ಐದು ಬಾರಿ ಹೊಡೆದದ್ದಕ್ಕೆ ಕೊಲೆಯ ಶಿಕ್ಷೆಯಾಯಿತು. 2015ರಲ್ಲಿ ಮಿಷಿಗನ್ನಿನಲ್ಲಿ ಅಂಗಡಿಯಿಂದ ಸಾಮಾನು ಕದ್ದು ಪರಾರಿಯಾಗುತ್ತಿದ್ದವರ ವಾಹನಕ್ಕೆ ಗುಂಡು ಹಾರಿಸಿದ ಪರವಾನಗಿದಾರ ಮಹಿಳೆಗೂ ಶಿಕ್ಷೆಯಾಯಿತು. ಇಂಥ ಗಡಿ ಇರಬೇಕಾದ್ದೇ. ಸೊತ್ತಿಗೆ ಜೀವವನ್ನು ಬೆಲೆಯಾಗಿ ತೆರಿಸುವ ಕಾನೂನನ್ನು ನಾನು ಒಪ್ಪಲಾರೆ, ಆ ಜೀವ ಕಳ್ಳನದೇ ಆಗಿದ್ದರೂ.

ಕೊಡಗಿನ ಮಾತು

ಕೋವಿ ಎಂದೊಡನೆ ಕನ್ನಡಿಗರಿಗೆ ಕೊಡಗು ನೆನಪಾಗುತ್ತದೆ. 1878ರ ಶಸ್ತ್ರಾಸ್ತ್ರ ಕಾಯ್ದೆ ಭಾರತೀಯರ ಕೈಯಿಂದ ಆಯುಧ ಕಿತ್ತುಕೊಂಡಾಗಲೂ ಕೊಡಗಿಗೆ ವಿನಾಯಿತಿ ಇತ್ತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆತನದ್ದು, ಕೈಲ್ ಮುಹೂರ್ತದ ಹಬ್ಬಕ್ಕೆ ಹೂ ಮುಡಿಯುವಂಥದ್ದು. ಸೊಂಟದಲ್ಲಿ ಬಚ್ಚಿಟ್ಟು ಪೇಟೆಗೆ ಒಯ್ಯುವಂಥದ್ದಲ್ಲ. ಕೋವಿ ಹೊಂದುವುದು ಬೇರೆ, ಅಪರಿಚಿತರ ನಡುವೆ ಗುಟ್ಟಾಗಿ ಹೊತ್ತು ತಿರುಗುವುದು ಬೇರೆ. ಅಮೆರಿಕದ ಚರ್ಚೆ ಎರಡನ್ನೂ ಕಲೆಸಿಬಿಡುತ್ತದೆ.

ಇತ್ಯರ್ಥವಾಗದೆ ಉಳಿದದ್ದು

ಕೊಲೆಗಾರ ಆಗಲೇ ಗುಂಡು ಹಾರಿಸುತ್ತಿದ್ದರೆ, ತಡೆಯಬಲ್ಲವನು ತಡೆಯಬೇಕು ಎಂಬುದರಲ್ಲಿ ಹೆಚ್ಚು ಭಿನ್ನಮತವಿಲ್ಲ. 2022ರ ಜುಲೈ 17ರಂದು ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ ಮೂವರನ್ನು ಕೊಂದವನನ್ನು 22ರ ಯುವಕ ತನ್ನ ಪಿಸ್ತೂಲಿನಿಂದ ನಿಲ್ಲಿಸಿದ. ಅಂಥದು ಎಷ್ಟು ಅಪರೂಪ ಎಂಬುದನ್ನೂ ತಿಳಿದಿರಬೇಕು. ಹೀಗೆ ಜನರ ಮೇಲೆ ಗುಂಡಿನ ದಾಳಿ ನಡೆದ, 2000ರಿಂದ 2013ರವರೆಗಿನ 160 ಘಟನೆಗಳನ್ನು ಎಫ್‌ಬಿಐ ಪರಿಶೀಲಿಸಿದಾಗ, ಪೊಲೀಸರಲ್ಲದ ಶಸ್ತ್ರಧಾರಿಗಳ ಪ್ರತಿದಾಳಿಯಿಂದ ಮುಗಿದವು ಐದು. ಅವುಗಳಲ್ಲಿ ಸಾಮಾನ್ಯ ನಾಗರಿಕನ ಕೋವಿಯಿಂದ ಒಂದು, ಉಳಿದವು ಭದ್ರತಾ ಕಾವಲುಗಾರರಿಂದ. ಬರಿಗೈಯ ಜನ ಹಿಡಿದು ನಿಲ್ಲಿಸಿದ್ದು ಇಪ್ಪತ್ತೊಂದು.

ದರೋಡೆ ಇಂಥ ಹತ್ಯಾಕಾಂಡವಲ್ಲ. ಅಲ್ಲಿ ಹೆಚ್ಚಿನ ಸಲ ಜೀವಕ್ಕೆ ಬೆದರಿಕೆಯಿದೆ, ಕೊಲೆ ಇನ್ನೂ ಆಗಿಲ್ಲ. ಬೆದರಿಕೆ ಕೊಲೆಯಾಗಿ ಮಾರ್ಪಡುವ ಕ್ಷಣವನ್ನು ಹೊರಗಿನವನು ಯಾವ ಲಕ್ಷಣದಿಂದ ಗುರುತಿಸಬೇಕು? ಒಳಕೋಣೆಗೆ ನಡೆಯಿರಿ, ಮಂಡಿಯೂರಿ ಎಂದಾಗಲೇ? ಕಾಯುತ್ತ ನಿಂತರೆ ತಡವಾಗಬಹುದು, ಮುಂಚೆ ಹಾರಿಸಿದರೆ ಅನಗತ್ಯ ಹತ್ಯೆಯಾಗಬಹುದು. ಕೋವಿಯುಳ್ಳ ಗ್ರಾಹಕರಿರಬಹುದೆಂಬ ಭಯ ಕಳ್ಳರನ್ನು ಹಿಂಜರಿಸುತ್ತದೆಯೋ, ಮೊದಲೇ ಗುಂಡು ಹಾರಿಸುವಂತೆ ಮಾಡುತ್ತದೆಯೋ? ಕಡ್ಡಾಯ ತರಬೇತಿ ಅಡ್ಡ ಬಂದವರ ತಪ್ಪುಗಳನ್ನು ಎಷ್ಟು ಇಳಿಸೀತು? ವಿದ್ವಾಂಸರಲ್ಲಿ ಇವುಗಳ ಬಗ್ಗೆ ಒಮ್ಮತವಿಲ್ಲ.

ಒಮ್ಮತ ಬರುವಂತೆ ಮಾಡಬಲ್ಲ ಒಂದು ಕೆಲಸ ಸರಕಾರಗಳ ಕೈಯಲ್ಲಿದೆ. ದರೋಡೆಯ ಪ್ರತಿ ಪೊಲೀಸ್ ವರದಿಯಲ್ಲೂ ಮೂರನೆಯವನೊಬ್ಬ ಅಡ್ಡ ಬಂದನೇ, ಆ ಕ್ಷಣದಲ್ಲಿ ಕಳ್ಳ ಏನು ಮಾಡುತ್ತಿದ್ದ, ಎಷ್ಟು ಗುಂಡು ಹಾರಿತು, ಯಾರಿಗೆ ತಗುಲಿತು ಎಂಬ ನಾಲ್ಕು ಸಾಲು ಕಡ್ಡಾಯವಾಗಿ ದಾಖಲಾಗಲಿ.